ಬಿಟ್ಟಿ ಬೆಟ್ಟ

ಬಿಟ್ಟಿಯಾಗಿ ಕಾಣುವ ವಸ್ತುವಿನಲ್ಲಿ ಏನೋ ಒಂದು ಐಬು ಇದ್ದೇ ಇರುತ್ತದೆ ಎಂಬುದು ನಮ್ಮ ಮನೆಯವರ ಸಿದ್ಧಾಂತ. ದಸರೆಯ ಜಂಬೂಸವಾರಿಯನ್ನು ರಸ್ತೆ ಬದಿಯಲ್ಲಿ ನಿಂತು ನೋಡಿದರೆ ಅವರ ಪ್ರಕಾರ ಅದು ನೋಡಿದ ಲೆಕ್ಕಕ್ಕೇ ಇಲ್ಲ. ಕೈಯಲ್ಲಿ ಪಾಸಿರಬೇಕು, ಪಾಸಿನ ಮೇಲೆ ಬೆಲೆ ಅಚ್ಚಾಗಿರಬೇಕು. ಹುಣ್ಣಿಮೆ ಚಂದ್ರನಿಗೂ ಒಂದು ಟಿಕೆಟ್ ಇಟ್ಟಿದ್ದರೆ ತಾರಸಿಗೆ ಬಂದು ಕತ್ತೆತ್ತುತ್ತಿದ್ದರೋ ಏನೋ. ಬ್ಯಾಂಕಿನಲ್ಲಿ ಆಡಿಟ್ ಮಾಡಿ ಮಾಡಿ ನಿವೃತ್ತರಾದವರಿಗೆ ರಸೀದಿಯಿಲ್ಲದ ಸುಖ ಸುಖವೇ ಅಲ್ಲ. ಇಂಥವರನ್ನು ಕಟ್ಟಿಕೊಂಡು ನಾನು ಹೋದದ್ದು ಸ್ವಿಟ್ಜರ್ಲೆಂಡಿಗೆ.

ಜ್ಯೂರಿಕ್‌ನಲ್ಲಿ ಕೆಲಸದಲ್ಲಿರುವ ಮಗಳು, ಒಂದು ದಿನವಾದರೂ ಮನೆ ಖಾಲಿಯಾಗಲಿ ಎಂದೋ ಏನೋ, ಜುಲೈನ ಒಂದು ಬೆಳಗಿನ ಜಾವ ನಮ್ಮನ್ನು ಜರ್ಮಾಟ್‌ಗೆ ರೈಲು ಹತ್ತಿಸಿದಳು. ಈ ಊರಿಗೆ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಪ್ರವೇಶವಿಲ್ಲ. ಕಾರಿನವರೂ ಕೆಳಗಿನ ಟೇಶ್ ಎಂಬ ಹಳ್ಳಿಯಲ್ಲಿ ಕಾರು ಬಿಟ್ಟು ಸಾಮಾನ್ಯವಾಗಿ ರೈಲಿನಲ್ಲೇ ಬರುತ್ತಾರೆ. ಊರೊಳಗೆ ಓಡಾಡುವುದೆಲ್ಲ ಪೆಟ್ಟಿಗೆಯಾಕಾರದ ಪುಟ್ಟ ಬ್ಯಾಟರಿ ಗಾಡಿಗಳು. ಸದ್ದಿಲ್ಲದೆ ಬಂದು ಬೆನ್ನಿಗೇ ನಿಲ್ಲುತ್ತವೆ. ಹಾರನ್ ಹೊಡೆಯದೆ ಪಕ್ಕಕ್ಕೆ ಸರಿದ ಅಭ್ಯಾಸ ಮೈಸೂರಿನವರಾದ ನಮಗೆಲ್ಲಿ? ಇವರಂತೂ ನಡುರಸ್ತೆಯಲ್ಲೇ ನಿಂತು ಅಂಗಡಿಯ ಬೆಲೆಪಟ್ಟಿಗಳನ್ನು ರೂಪಾಯಿಗೆ ಪರಿವರ್ತಿಸುತ್ತಿದ್ದರು. ಫ್ರಾಂಕನ್ನು ನೂರರಿಂದ ಗುಣಿಸಿದರೆ ಸಾಕು. ಲೆಕ್ಕ ಸುಲಭ, ಸಂಕಟ ಜಾಸ್ತಿ.

ಚರ್ಚಿನ ಪಕ್ಕ ಹೊಳೆಗೆ ಒಂದು ಸೇತುವೆಯಿದೆ. ಅದರ ಮೇಲೆ ಜನ ಗುಂಪುಗಟ್ಟಿದ್ದರು. ತಲೆಯೆತ್ತಿದರೆ ಮ್ಯಾಟರ್‌ಹಾರ್ನ್! 4,478 ಮೀಟರಿನ ಕಲ್ಲು, ತುದಿಯಲ್ಲಿ ತುಸು ವಾಲಿಕೊಂಡು, ಮೈಮೇಲೆ ಒಂದೆಳೆ ಮೋಡವಿಲ್ಲದೆ ನಿಂತಿದೆ.

"ರೀ, ಇಲ್ಲಿ ನೋಡ್ರೀ!"

"ಬಾರೇ, ಇಲ್ಲಿಂದ ಎಲ್ರೂ ನೋಡ್ತಾರೆ. ಮೇಲಿಂದ ನೋಡೋಣ. ಅದಕ್ಕೇ ತಾನೆ ಅಷ್ಟು ಕೊಟ್ಟು ಟಿಕೆಟ್ ತಗೊಂಡಿರೋದು?"

ಧರ್ಮದರ್ಶನದ ಸಾಲಿನಲ್ಲಿ ನಿಂತವರಿಗೂ ದುಡ್ಡು ಕೊಟ್ಟು ಒಳಹೋದವರಿಗೂ ಕಾಣುವ ತಿಮ್ಮಪ್ಪ ಒಬ್ಬನೇ ಎಂದು ಇವರಿಗೆ ಹೇಳಿ ನಾನು ಸೋತಿದ್ದೇನೆ. ಸುಮ್ಮನೆ ಹಿಂದೆ ನಡೆದೆ.

ಮೇಲೆ ಎಂದರೆ ಗೋರ್ನರ್‌ಗ್ರಾಟ್, 3,089 ಮೀಟರ್. 1898ರಿಂದ ಅಲ್ಲಿಗೆ ಹಲ್ಲುಚಕ್ರದ ರೈಲು ಓಡುತ್ತಿದೆ. ಆ ದೇಶದಲ್ಲಿ ವಿದ್ಯುತ್ತಿನಿಂದ ಓಡಿದ ಮೊದಲ ಹಲ್ಲುಚಕ್ರದ ರೈಲು ಅದೇ. ಹೋಗಿಬರುವ ಟಿಕೆಟ್ ತಲೆಗೆ ನೂರು ಫ್ರಾಂಕ್ ದಾಟಿತ್ತು. ತುದಿಯಿಂದ ನಾಲ್ಕು ಸಾವಿರ ಮೀಟರ್ ಮೀರಿದ 29 ಶಿಖರಗಳು ಕಾಣುತ್ತವೆ ಎಂದು ಓದಿಕೊಂಡಿದ್ದ ಇವರು ರೈಲಿನಲ್ಲೇ ಭಾಗಾಕಾರ ಮಾಡಿ, "ಶಿಖರಕ್ಕೆ ನಾಲ್ಕು ಫ್ರಾಂಕ್ ಬೀಳುತ್ತೆ. ಪರವಾಗಿಲ್ಲ" ಎಂದು ಮಂಜೂರು ಮಾಡಿದರು. ಅರ್ಧ ಗಂಟೆಯ ಆ ಹಾದಿಯಲ್ಲಿ ಕಾಡು ಕಳೆದು ಹುಲ್ಲು, ಹುಲ್ಲು ಕಳೆದು ಬರೀ ಬಂಡೆ ಬಂದದ್ದನ್ನು ನೋಡಿದವಳು ನಾನು.

ಮೇಲೆ ಇಳಿಯುವ ಹೊತ್ತಿಗೆ ಮ್ಯಾಟರ್‌ಹಾರ್ನ್ ಮುಸುಕು ಹಾಕಿಕೊಂಡಿತ್ತು. ಒಂಟಿಯಾಗಿ ನಿಂತ ಶಿಖರವಾದ್ದರಿಂದ ಗಾಳಿ ಒಂದು ಬದಿಗೆ ಬಡಿದರೆ ಮರೆಯ ಬದಿಯಲ್ಲಿ ಮೋಡ ಹುಟ್ಟಿ ಅಲ್ಲೇ ಅಂಟಿಕೊಂಡಿರುತ್ತದೆ. ಸುತ್ತ ಬಿಸಿಲಿದ್ದರೂ ಅದೊಂದಕ್ಕೆ ಮಾತ್ರ ಮೋಡ. ಬಂದವರೆಲ್ಲ ಸಾಲಾಗಿ ನಿಂತು ಆ ಮೋಡದ ಕಡೆ ಕ್ಯಾಮೆರಾ ಹಿಡಿದಿದ್ದರು.

ಸಾಲು ಬಿಟ್ಟು ನಾನು ಆಚೆ ತಿರುಗಿದೆ. ಎದುರಿಗೇ ಮಾಂಟೆ ರೋಸಾ, ಹಿಮದ ಹೊರೆ ಹೊತ್ತು ಥಳಥಳ ಹೊಳೆಯುತ್ತಿದೆ. ಸ್ವಿಟ್ಜರ್ಲೆಂಡಿನಲ್ಲೇ ಅತಿ ಎತ್ತರದ ತುದಿ ಅದರದು, 4,634 ಮೀಟರ್. ಎಲ್ಲರೂ ಕಾಯುತ್ತಿದ್ದ ಆ ಮ್ಯಾಟರ್‌ಹಾರ್ನ್‌ಗಿಂತ 156 ಮೀಟರ್ ಹೆಚ್ಚು. ಕೆಳಗೆ ಹಿಮನದಿ, ಅದರ ಮೈಮೇಲೆ ಉದ್ದಕ್ಕೂ ಕಲ್ಲುಪುಡಿಯ ಕಪ್ಪು ಪಟ್ಟೆ. ಬೆಂಚಿನ ಮೇಲೆ ಕೂತು ಮಗಳು ಕಟ್ಟಿಕೊಟ್ಟ ಚಪಾತಿ, ಮಾವಿನಕಾಯಿ ಉಪ್ಪಿನಕಾಯಿ ಬಿಚ್ಚಿದೆ.

"ರೀ, ಇದು ಅದಕ್ಕಿಂತ ಎತ್ತರವಂತೆ, ಬನ್ನಿ."

ಇವರು ಅರೆತಿರುಗಿ, "ಇದರ ಹೆಸರೇ ಕೇಳಿಲ್ವಲ್ಲೇ!" ಎಂದು ಮತ್ತೆ ಮೋಡಕ್ಕೆ ಮುಖ ಮಾಡಿದರು. ಚಪಾತಿಯನ್ನು ಅಲ್ಲಿಗೇ ಸರಬರಾಜು ಮಾಡಬೇಕಾಯಿತು. ಮೋಡ ಕದಲಲಿಲ್ಲ.

ಕೆಳಗಿಳಿದ ಮೇಲೆ ಇವರಿಗೆ ಜೀವ ಬಂದದ್ದು ಮ್ಯೂಸಿಯಮ್ಮಿನಲ್ಲಿ. ಟಿಕೆಟ್ ಉಂಟು, ಮೋಡವಿಲ್ಲ. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ತಂಡದ ಏಳು ಜನ ಮೊದಲ ಬಾರಿಗೆ ಮ್ಯಾಟರ್‌ಹಾರ್ನ್ ಹತ್ತಿದರು. ಇಳಿಯುವಾಗ ಒಬ್ಬರ ಕಾಲು ಜಾರಿ, ಹಗ್ಗ ತುಂಡಾಗಿ, ನಾಲ್ವರು ಸತ್ತರು. ಆ ಹಗ್ಗದ ತುಂಡು ಗಾಜಿನೊಳಗಿದೆ. ಇವರು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿ, "ಇಷ್ಟು ಸಣ್ಣದಾ? ಇದನ್ನ ಪಾಸ್ ಮಾಡಿದ್ದು ಯಾರು?" ಎಂದರು. ನಗು ಬಂದರೂ ತಡೆದುಕೊಂಡೆ. ಆಗ ನಡೆದ ವಿಚಾರಣೆಯಲ್ಲಿಯೂ ಪ್ರಶ್ನೆ ಎದ್ದದ್ದು ಆ ಹಗ್ಗದ ಬಗ್ಗೆಯೇ.

ಹಿಂಟರ್‌ಡಾರ್ಫ್ ಎಂಬ ಹಳೇ ಕೇರಿಗೆ ಟಿಕೆಟ್ ಇಲ್ಲ. ಹಾಗಾಗಿ ಇವರು ಅಲ್ಲಿ ಫೋನು ನೋಡಿಕೊಂಡು ನಡೆದರು. ನಾನು ಒಂದು ಕಣಜದ ಮುಂದೆ ನಿಂತೆ. ಬಿಸಿಲಿಗೆ ಸುಟ್ಟು ಕಪ್ಪಾದ ಮರದ ದಿಮ್ಮಿಗಳ ಕಟ್ಟಡ. ನೆಲದಿಂದ ಮೇಲೆ, ಮೋಟು ಕಂಬಗಳ ಮೇಲೆ ಕೂತಿದೆ. ಒಂದೊಂದು ಕಂಬಕ್ಕೂ ಕಟ್ಟಡಕ್ಕೂ ನಡುವೆ ಅಗಲವಾದ ದುಂಡು ಚಪ್ಪಡಿ. ಕಂಬ ಹತ್ತಿ ಬಂದ ಇಲಿ ಚಪ್ಪಡಿಗೆ ತಲೆ ತಾಗಿಸಿಕೊಂಡು ವಾಪಸ್ ಹೋಗಬೇಕು, ತಲೆಕೆಳಗಾಗಿ ನಡೆದು ಅಂಚು ದಾಟುವುದು ಅದರಿಂದಾಗದು. ನಮ್ಮ ಅಡುಗೆಮನೆಯ ಅಟ್ಟಕ್ಕೆ ಇಂಥದ್ದೊಂದು ಮಾಡಿಸಬಹುದೇ ಎಂದು ಲೆಕ್ಕ ಹಾಕುತ್ತಿದ್ದಾಗ ಗಂಟೆ ಸದ್ದು ಕೇಳಿಸಿತು. ಮುಖ್ಯ ಬೀದಿಗೆ ಬಂದರೆ ಆಡಿನ ಹಿಂಡು! ಮುಂದಿನರ್ಧ ಕಡುಗಪ್ಪು, ಹಿಂದಿನರ್ಧ ಅಚ್ಚ ಬಿಳಿ. ಬೇಸಿಗೆಯಲ್ಲಿ ಮಕ್ಕಳು ಅವನ್ನು ದುಬಾರಿ ಗಡಿಯಾರದಂಗಡಿಗಳ ಮುಂದೆಯೇ ಹೊಡೆದುಕೊಂಡು ಹೋಗುತ್ತಾರೆ. ಒಂದು ಆಡು ಇವರ ಕೈಚೀಲಕ್ಕೇ ಮೂತಿಯಿಟ್ಟಿತು. ಇವರು ಹೌಹಾರಿ, "ಇದಕ್ಕೂ ದುಡ್ಡು ಕೇಳ್ತಾರೇನೇ?" ಎಂದರು. ಇಲ್ಲವೆಂದು ಗೊತ್ತಾದ ಮೇಲೆ ಆಡಿನ ಮೇಲೂ ಆಸಕ್ತಿ ಹೋಯಿತು.

ಕೊನೆಗೆ ಬೆಟ್ಟದ ಚಿತ್ರವನ್ನಾದರೂ ಊರಿಗೆ ಒಯ್ಯೋಣವೆಂದು ಟಾಬ್ಲೆರೋನ್ ಚಾಕೊಲೇಟ್ ಕೈಗೆತ್ತಿಕೊಂಡರು. ತಿರುಗಿಸಿ ಮುರುಗಿಸಿ ನೋಡಿದರೆ ಮೇಲಿರುವುದು ಯಾವುದೋ ಸಾಧಾರಣ ಗುಡ್ಡ. ತಯಾರಿಕೆಯ ಒಂದು ಪಾಲು ಸ್ಲೊವಾಕಿಯಾಕ್ಕೆ ಹೋಗುವುದೆಂದು ಆದಮೇಲೆ, ಸ್ವಿಸ್ ಲಾಂಛನ ಬಳಸಲು ಸ್ವಿಟ್ಜರ್ಲೆಂಡಿನ ಕಾನೂನು ಅಡ್ಡ ಬಂದು, 2023ರಲ್ಲಿ ಮ್ಯಾಟರ್‌ಹಾರ್ನ್‌ಗೆ ಪೊಟ್ಟಣದಿಂದ ಬಿಡುಗಡೆಯಾಗಿದೆ. ಇವರ ಮುಖ ನೋಡಲಾಗಲಿಲ್ಲ.

ರೈಲಿನಲ್ಲಿ ಮಗಳ ಫೋನ್. "ಬೆಟ್ಟ ಕಾಣಿಸ್ತಾ ಅಪ್ಪಾ?"

"ಕಾಣದೆ ಏನು? ಬೆಳಿಗ್ಗೆ ಸೇತುವೆ ಮೇಲಿಂದ, ಬುಡದಿಂದ ತುದಿವರೆಗೂ! ನೋಡಬೇಕಾದ್ದೇ ಅಲ್ಲಿಂದ ಕಣಮ್ಮ."

ನಾನು ಕಿಟಕಿಯಾಚೆ ನೋಡುತ್ತ ಕೂತೆ.

ಮೈಸೂರಿಗೆ ಮರಳಿದ ಮೇಲೆ ಇವರು ಕುಕ್ಕರಹಳ್ಳಿ ಕೆರೆಯ ವಾಕಿಂಗ್ ಗೆಳೆಯರಿಗೆಲ್ಲ ಸ್ವಿಟ್ಜರ್ಲೆಂಡಿನ ಸಲಹೆಗಾರರು. "ಮೇಲೆ ಹೋಗೋದು ದಂಡ ಕಣ್ರೀ. ಚರ್ಚ್ ಪಕ್ಕ ಸೇತುವೆ ಇದೆ, ಬೆಳಿಗ್ಗೆ ಹೋಗಿ ನಿಂತ್ಕೊಳ್ಳಿ, ಒಂದು ಪೈಸೆ ಖರ್ಚಿಲ್ಲ" ಎಂದು ಎದೆಯುಬ್ಬಿಸಿ ಹೇಳುತ್ತಾರೆ. ಅಷ್ಟು ಫ್ರಾಂಕ್ ಸುರಿದು ಸಂಪಾದಿಸಿದ ಜ್ಞಾನ. ಆದರೆ ಹಂಚುತ್ತಿರುವುದು ಬಿಟ್ಟಿಯಾಗಿ ನೋಡಿ. ಕೇಳಿದವರೆಲ್ಲ ತಲೆಯಾಡಿಸಿ, ಕಾಫಿ ಕುಡಿದು, ಹೋಗಿ ಮೇಲಿನ ಟಿಕೆಟ್ಟನ್ನೇ ಬುಕ್ ಮಾಡುತ್ತಾರೆ.