ಕಛೇರಿ ರಾಯರು

ರಾಯರಿಗೆ ಸಂಗೀತ ಬೇಕು. ಕೇಳುವುದಕ್ಕಲ್ಲ, ಆಮೇಲೆ ಮಾತಾಡುವುದಕ್ಕೆ. ಆ ಮಾತು ಹೊರಡುವುದು ಕ್ಲಬ್ಬಿನಲ್ಲಿ. ಹಾಗಾಗಿ ಭಾನುವಾರ ಮಧ್ಯಾಹ್ನ ನಾಲ್ಕರ ಕಛೇರಿ ಎಂದರೆ ಅವರಿಗೆ ಜೀವ: ಏಳಕ್ಕೆ ಮಂಗಳ, ಏಳೂವರೆಗೆ ಮೊಹಿತೊ.

ರೇಷ್ಮೆ ಜುಬ್ಬಾ, ಜರಿ ಶಲ್ಯ, ಎರಡನೇ ಸಾಲಿನ ನಡುಮಧ್ಯೆ ಆಸನ. ಬಂದಿರುವುದು ಪಾಸಿನಲ್ಲೇ, ಟಿಕೆಟ್ ಕೊಂಡು ಕೂರುವುದು ಸಂಗೀತದ ಗಂಧವಿಲ್ಲದವರ ಲಕ್ಷಣವಂತೆ. ಮೈಕಿಲ್ಲದ ಕಾಲದಲ್ಲಿ ನಾದ ಹಿಂದಿನ ಸಾಲಿಗೂ ಮುಟ್ಟಲಿ ಎಂದು ಪಿಟೀಲಿಗೆ ಏಳು ತಂತಿ ಕಟ್ಟಿದವರು ಚೌಡಯ್ಯನವರು. ಅವರ ಹೆಸರಿನ, ಪಿಟೀಲಿನದೇ ಆಕಾರದ ಆ ಸಭಾಂಗಣದಲ್ಲಿ ಇವತ್ತು ಮೈಕಿಲ್ಲದೆ ಹಿಂದಿನ ಸಾಲಿಗೆ ಮುಟ್ಟುವುದು ರಾಯರ ‘ಭೇಷ್’ ಒಂದೇ.

ಆಲಾಪನೆ ಶುರುವಾಗಿ ಅರ್ಧ ನಿಮಿಷವಾಗಿಲ್ಲ, ರಾಯರು ಪಕ್ಕಕ್ಕೆ ವಾಲಿ ಘೋಷಿಸುತ್ತಾರೆ: “ದರ್ಬಾರು.”

ಪಕ್ಕದಲ್ಲಿ ಕೂತ ಹಿರಿಯಾಕೆ ಮೆಲ್ಲಗೆ, “ನಾಯಕಿ ಇರಬೇಕಪ್ಪಾ” ಎನ್ನುತ್ತಾರೆ.

“ಅದೇ ಅಮ್ಮಾ ನಾನು ಹೇಳಿದ್ದು. ದರ್ಬಾರು ಅಂದಮೇಲೆ ನಾಯಕಿ ಇರಲೇಬೇಕಲ್ಲ!”

ಈ ಎರಡು ರಾಗಗಳನ್ನು ಬೇರ್ಪಡಿಸುವುದು ಬಲ್ಲವರಿಗೂ ಕಷ್ಟವೇ, ಒಪ್ಪೋಣ. ಆದರೆ ಬಲ್ಲವರು ಒಂದು ನಿಮಿಷ ಬಾಯಿ ಮುಚ್ಚಿಕೊಂಡು ಕೇಳುತ್ತಾರೆ.

ಮೃದಂಗದವರು ತನಿ ಆವರ್ತನಕ್ಕೆ ಕೈ ಹಚ್ಚಿದೊಡನೆ ರಾಯರು ಏಳುತ್ತಾರೆ. (ಅರ್ಧ ಸಭೆಯೇ ಏಳುತ್ತದೆ, ಇದೊಂದರಲ್ಲಿ ಅವರನ್ನೇ ದೂರಬಾರದು.) ಉಳಿದವರು ಕಾಫಿಗೆ ಹೋದರೆ ಇವರು ಫೋನಿಗೆ: “ಮೂಲೆ ಟೇಬಲ್ ಹಿಡಿದಿಡು ಮಾರಾಯಾ, ಹೊರಟೆ.” ಹೊರಡುವುದಿಲ್ಲ. ಮಂಗಳಕ್ಕೆ ಒಳಗೆ ಬಂದು, ಎಲ್ಲರಿಗಿಂತ ಮೊದಲು ಎದ್ದು ನಿಂತು, ಎಲ್ಲರಿಗಿಂತ ಕೊನೆಗೆ ಚಪ್ಪಾಳೆ ನಿಲ್ಲಿಸುತ್ತಾರೆ.

ಶಲ್ಯ ಕಾರಿನ ಹಿಂದಿನ ಸೀಟಿನಲ್ಲೇ ಉಳಿಯುತ್ತದೆ. ಕ್ಲಬ್ಬಿನಲ್ಲಿ ಮೊಹಿತೊಗೆ ಪುದೀನ ಸಾಲದು, ಬ್ಲಡಿ ಮೇರಿಗೆ ಮೆಣಸು ಸಾಲದು ಎಂದು ಗ್ಲಾಸು ವಾಪಸ್ಸು ಹೋಗುತ್ತವೆ. ಮನೆಯಲ್ಲಿ ಟೊಮೆಟೊ ಸಾರಿಗೆ ಮೆಣಸು ಕಮ್ಮಿಯಾದರೆ ಮಾತ್ರ ರಾಯರು ತಲೆ ತಗ್ಗಿಸಿ ಉಣ್ಣುತ್ತಾರೆ. ಅಲ್ಲಿ ವಾಪಸ್ಸು ಕಳಿಸುವ ಧೈರ್ಯ ಯಾರಿಗಿದೆ?

ಮೊದಲ ಗ್ಲಾಸಿಗೆ, ಇವತ್ತಿನ ವಿದ್ವಾಂಸರಿಗೆ ಶಾರೀರವಿದೆ, ಪಾಠಾಂತರವಿಲ್ಲ. ಎರಡನೆಯದಕ್ಕೆ, ಈಗಿನವರ್‍ಯಾರಿಗೂ ಪಾಠಾಂತರವಿಲ್ಲ. ಮೂರನೆಯದಕ್ಕೆ, ಚೆಂಬೈ ಅವರ ಹಾಡಿಗೆ ಚೌಡಯ್ಯನವರು ಪಿಟೀಲು ನುಡಿಸಿದ್ದನ್ನು ತಾವು ಮುಂದಿನ ಸಾಲಿನಲ್ಲಿ ಕೂತು ಕೇಳಿದ್ದು ನೆನಪಾಗಿ ಕಣ್ಣು ಒದ್ದೆ. ಚೌಡಯ್ಯನವರು ತೀರಿಕೊಂಡದ್ದು 1967ರಲ್ಲಿ. ಆಗ ರಾಯರಿಗೆ ಹಲ್ಲು ಬಂದಿತ್ತೋ ಇಲ್ಲವೋ.

ಆಮೇಲೆ ಹಾಡೇ ಶುರು. ಟೇಬಲ್ಲಿನ ಮೇಲೆ ಆದಿತಾಳ ಬೀಳುತ್ತದೆ, ಕಾಂಗ್ರೆಸ್ ಕಡಲೆಬೀಜ ತಟ್ಟೆಯಿಂದ ಹಾರುತ್ತದೆ. ಎಂಟನೇ ಎಣಿಕೆಗೆ ಸರಿಯಾಗಿ ಕೈ ಗ್ಲಾಸಿಗೆ ಹೋಗುವುದರಿಂದ ಏಳಕ್ಕೇ ಆವರ್ತ ಮುಗಿದು, ಆದಿ ಮಿಶ್ರಛಾಪುವಾಗುತ್ತದೆ. “ಆ ಮೃದಂಗದವನ ಲೆಕ್ಕ ಸ್ವಲ್ಪ ಸಡಿಲ, ಗಮನಿಸಿದಿರಾ?” ಎನ್ನುತ್ತಾರೆ.

ಅಷ್ಟರಲ್ಲಿ ಬಿಲ್ಲು. ಕನ್ನಡಕ ಏರಿಸಿ, ಬೆರಳು ಮಡಿಸಿ, ಒಂದಕ್ಷರವೂ ತಪ್ಪದಂತೆ ಎಣಿಸಿ ರಾಯರು ವೇಟರನ್ನು ಕರೆಯುತ್ತಾರೆ: “ಏನಪ್ಪಾ, ಮಸಾಲಾ ಪಾಪಡ್ ನಾಲ್ಕು. ಐದು ಹಾಕಿದ್ದೀಯಲ್ಲ!”