ಕಿವಿ ಚುಚ್ಚುವ ಶಾಸ್ತ್ರಕ್ಕೆ ಫೋಟೋಶಾಪ್

ತಮಿಳುನಾಡಿನ ಕಂಬಂ ಕಣಿವೆಯ ಮನೆಗೆ ಕಂಪ್ಯೂಟರ್ ಬಂದರೆ ಅದರಲ್ಲಿ ಲೆಕ್ಕ ಬರೆಯುವುದು ಹೇಗೆಂದು ಯಾರೂ ಕೇಳುವುದಿಲ್ಲ. ದ್ರಾಕ್ಷಿಯ ಲೆಕ್ಕ ಯಜಮಾನರ ಬಾಯಲ್ಲಿರುತ್ತದೆ, ಏಲಕ್ಕಿಯದು ಬೋಡಿನಾಯಕನೂರಿನ ಹರಾಜಿನಲ್ಲಿ ಇತ್ಯರ್ಥವಾಗುತ್ತದೆ. ಕೇಳುವ ಪ್ರಶ್ನೆಯೇ ಬೇರೆ. ಬರುವ ತಿಂಗಳು ಮೊಮ್ಮಗುವಿಗೆ ಕಿವಿ ಚುಚ್ಚಿಸಬೇಕು, ಹತ್ತಡಿ ಅಗಲ ಎಂಟಡಿ ಎತ್ತರದ ಫ್ಲೆಕ್ಸು ಮನೆಯಲ್ಲೇ ತಯಾರಾಗಬೇಕು, ಹೊಸಬರಿಗೆ ಸುಲಭವಾದ ಸಾಫ್ಟ್‌ವೇರ್ ಯಾವುದು?

ಸಲಹೆಗೆ ಬರವೇ? ತೇನಿಯ ಸೋದರಮಾವ ಫೋಟೋಶಾಪ್ ಅನ್ನುತ್ತಾನೆ. ಅವನು ಅದರಲ್ಲಿ ಇದುವರೆಗೆ ಮಾಡಿದ್ದು ಪಾಸ್‌ಪೋರ್ಟ್ ಸೈಜಿನ ಫೋಟೋದ ಅಂಚು ಕತ್ತರಿಸುವ ಕೆಲಸ ಒಂದೇ. ಆದರೂ ಅದಕ್ಕಿಂತ ಕಡಿಮೆಯದನ್ನು ಸೂಚಿಸುವುದು ಅವನ ಘನತೆಗೆ ಕುಂದು. ಕಂಪ್ಯೂಟರ್ ಸೆಂಟರಿನಲ್ಲಿ ಡಿಟಿಪಿ ಕಲಿತ ಅಕ್ಕನ ಮಗಳು ಪೇಜ್‌ಮೇಕರ್ ಹೆಸರು ಹೇಳುತ್ತಾಳೆ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ತಂತ್ರಾಂಶ ತೀರಿಕೊಂಡರೂ ಅದರ ಸರ್ಟಿಫಿಕೇಟು ನಮ್ಮಲ್ಲಿ ಸಾಯುವುದಿಲ್ಲ. ಕಾಲೇಜಿನ ಹುಡುಗ ಕ್ಯಾನ್ವಾ ಸಾಕು ಅನ್ನುತ್ತಾನೆ, ಅದೂ ಮೊಬೈಲಿನಿಂದ ತಲೆಯೆತ್ತದೆ. ಬಸ್‌ ಸ್ಟ್ಯಾಂಡಿನ ಪಕ್ಕದ ಫ್ಲೆಕ್ಸ್ ಅಂಗಡಿಯವನು ಮಾತ್ರ ಯಾರಿಗೂ ಸಲಹೆ ಕೊಡುವುದಿಲ್ಲ. ಕೊನೆಗೆ ಎಲ್ಲರೂ ತನ್ನ ಕೋರೆಲ್‌ಡ್ರಾ ಮುಂದೆ ಬಂದೇ ಬರುತ್ತಾರೆಂದು ಅವನಿಗೆ ಗೊತ್ತು.

ಗೆಲ್ಲುವುದು ಸೋದರಮಾವ. ಸೋದರಮಾವನ ಪೆನ್‌ಡ್ರೈವಿನಲ್ಲಿ ಫೋಟೋಶಾಪ್ ಪುಕ್ಕಟೆ ಇರುತ್ತದೆ. 2013ರಿಂದ ಅಡೋಬಿ ಕಂಪನಿ ಹೊಸ ಆವೃತ್ತಿಗಳನ್ನು ಬಾಡಿಗೆಗೆ ಮಾತ್ರ ಕೊಡುತ್ತಿದೆ, ಹಾಗಾಗಿ ಪೆನ್‌ಡ್ರೈವಿನದು ಅದಕ್ಕೂ ಹಿಂದಿನದು, ಬೀಗ ಒಡೆದದ್ದು. ಪಕ್ಕದ ದಿಂಡಿಗಲ್ಲಿನ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಅದೇ ಸೀಮೆಯಲ್ಲಿ ಬೀಗ ಹಾಕಿದ ಒಂದೇ ಒಂದು ಸಾಫ್ಟ್‌ವೇರ್ ಹುಡುಕಿ ತೋರಿಸಿ ನೋಡೋಣ.

ಇನ್ಸ್ಟಾಲ್ ಆಯಿತು. ಹೊಸ ಕಡತ ತೆರೆಯಬೇಕು. ರೆಸಲ್ಯೂಷನ್ ಎಷ್ಟೆಂದರೆ ಮಾವ ಹಿಂದೆಮುಂದೆ ನೋಡದೆ 300 ಅನ್ನುತ್ತಾನೆ, ಪುಸ್ತಕದಲ್ಲಿ ಹಾಗೇ ಇದೆ. ಆ ಪುಸ್ತಕ ಕೈಯಲ್ಲಿ ಹಿಡಿದು ಓದುವ ಕಾಗದದ ಬಗ್ಗೆ ಬರೆದದ್ದು. ಹತ್ತಡಿಗೆ ಎಂಟಡಿ, ಇಂಚಿಗೆ 300 ಚುಕ್ಕಿ ಅಂದರೆ ಅಗಲಕ್ಕೆ 36,000, ಎತ್ತರಕ್ಕೆ 28,800, ಒಟ್ಟು 103 ಕೋಟಿ 68 ಲಕ್ಷ ಚುಕ್ಕಿ. ಮುದ್ರಣದ ನಾಲ್ಕು ಬಣ್ಣಕ್ಕೆ ಅದು ಹೆಚ್ಚುಕಡಿಮೆ 4 ಜಿಬಿ ಆಗುತ್ತದೆ. ಮನೆಯ ಕಂಪ್ಯೂಟರಿನ ಒಟ್ಟು ಸ್ಮೃತಿಯೇ 4 ಜಿಬಿ. ಒಂದು ಪದರಕ್ಕೇ ಯಂತ್ರ ಮಲಗಿತು. ಅದರ ಮೇಲೆ ಮಗು, ಮಗುವಿನ ಹಿಂದೆ ಹುಲಿ, ಹುಲಿಯ ಹಿಂದೆ ಜಲಪಾತ ಇನ್ನೂ ಬರಬೇಕು. ಅಷ್ಟಕ್ಕೂ ಫೋಟೋಶಾಪಿನ ಪಿಎಸ್‌ಡಿ ಕಡತದ ಒಂದು ಬದಿ 30,000 ಚುಕ್ಕಿ ಮೀರುವಂತಿಲ್ಲ. ಹಾಗಾಗಿ ರಾತ್ರಿಯಿಡೀ ಕಾದು ಮುಗಿಸಿದ್ದು ಆ ಕಡತವಾಗಿ ಸೇವ್ ಕೂಡ ಆಗುವುದಿಲ್ಲ. ಅಂಗಡಿಯವನು ಮುದ್ರಿಸುವುದು 72ಕ್ಕೆ. ಬೈಕಿನಲ್ಲಿ ಹೋಗುತ್ತ ನೋಡುವ ಚಿತ್ರಕ್ಕೆ ಅದು ಧಾರಾಳವಾಯಿತು. ಆಗ ಆರು ಕೋಟಿ ಚುಕ್ಕಿ, ಇನ್ನೂರ ನಲವತ್ತು ಎಂಬಿ, ಹಳೆಯ ಯಂತ್ರವೂ ಗೊಣಗದು.

ಇಷ್ಟೆಲ್ಲ ಆಗುವಾಗ ಮೂಲೆಯಲ್ಲಿ ಕೂತ ತಾತನನ್ನು ಯಾರೂ ಕೇಳಲಿಲ್ಲ. ತಾತ ದಿಂಡಿಗಲ್ ಬಳಿಯ ಚಿನ್ನಾಳಪಟ್ಟಿಯ ದೇವಾಂಗ. ಚೌಕದ ಕಾಗದದ ಮೇಲೆ ಒಂದೊಂದೇ ಮನೆ ತುಂಬಿ ಸೆರಗಿಗೆ ನವಿಲು ಬರೆದವನು, ಆ ಮನೆಗಳನ್ನೇ ತೂತುಗಳಾಗಿ ರಟ್ಟಿಗಿಳಿಸಿ ಜಕಾರ್ಡ್ ಮಗ್ಗಕ್ಕೆ ಏರಿಸಿದವನು. ಎಷ್ಟು ಮನೆಗೆ ನವಿಲಿನ ಕೊಕ್ಕು ಕೊಕ್ಕಿನಂತೆ ಕಾಣುತ್ತದೆ, ಎಷ್ಟಕ್ಕೆ ಇಳಿಸಿದರೆ ಮೊಂಡಾಗುತ್ತದೆ ಎಂಬುದು ಅವನ ಬೆರಳಿಗೆ ಗೊತ್ತು. ಪಿಕ್ಸೆಲ್ ಅಂದರೆ ಅಷ್ಟೇ ತಾನೆ. ಮೊಮ್ಮಗ ಹೇಳಿದ್ದು: ‘ತಾತಾ, ಇದು ಗ್ರಾಫಿಕ್ಸು, ನಿನಗೆ ಅರ್ಥ ಆಗಲ್ಲ.’

ಇನ್ನು ಭಾಷೆಯ ವಿಚಾರ. ಕಂಬಂನ ಕಾಪ್ಪಿಲಿಯ ಒಕ್ಕಲಿಗರು, ದಿಂಡಿಗಲ್ ಕಡೆಯ ಅನುಪ್ಪ ಗೌಂಡರು, ನೇಕಾರಿಕೆಯ ದೇವಾಂಗರು ಶತಮಾನಗಳಿಂದ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಆಡುತ್ತ ಬಂದವರು. ಓದುಬರಹವೆಲ್ಲ ತಮಿಳಿನಲ್ಲೇ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕುಲದೇವತೆಯ ಹೆಸರಾದರೂ ಕನ್ನಡದಲ್ಲಿರಲಿ ಎಂದು ಬೆಂಗಳೂರಿನ ನೆಂಟರೊಬ್ಬರಿಗೆ ಹುರುಪು ಹತ್ತುತ್ತದೆ. ವಾಟ್ಸಾಪಿನಲ್ಲಿ ‘ಶ್ರೀ ಚೌಡೇಶ್ವರಿ ಪ್ರಸನ್ನ’ ಬರುತ್ತದೆ. ಅದನ್ನು ಮಾವನ ಫೋಟೋಶಾಪಿಗೆ ಅಂಟಿಸಿದರೆ ಒತ್ತುಗಳು ತಮ್ಮ ಅಕ್ಷರದ ಕೆಳಗೆ ಕೂರಲು ಒಪ್ಪದೆ ಬೇರೆ ಸಂಸಾರ ಹೂಡುತ್ತವೆ. ‘ಪ್‌ರಸನ್‌ನ’ ಎಂದು ದೇವಿ ತುಂಡುತುಂಡಾಗಿ ಪ್ರತ್ಯಕ್ಷಳಾಗುತ್ತಾಳೆ. ಆಮೇಲಿನ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದು ಬೇರೆಯೇ ಎಂಜಿನ್ ಕೊಟ್ಟರು, ಅದನ್ನೂ ಸೆಟ್ಟಿಂಗಿನೊಳಗೆ ಹುಡುಕಿ ಗುಂಡಿ ಒತ್ತಬೇಕಿತ್ತು. ಪೆನ್‌ಡ್ರೈವಿನ ಆವೃತ್ತಿಗೆ ಆ ಭಾಗ್ಯ ಎಲ್ಲಿಂದ?

ತಮಾಷೆ ಇರುವುದು ಮುಂದೆ. ಕನ್ನಡವಾಡುವ ಮುನ್ನೂರು ಮಂದಿ ಆ ಫ್ಲೆಕ್ಸಿನ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಒಬ್ಬರ ಕಣ್ಣಿಗೂ ದೋಷ ಬೀಳುವುದಿಲ್ಲ. ಬೆಂಗಳೂರಿನ ನೆಂಟರು ಕಂಡು ಕಿಸಕ್ಕನೆ ನಗುತ್ತಾರೆ. ನಗಲಿ. ಅದಕ್ಕೂ ಮುಂಚೆ ತಮ್ಮ ವಾರ್ಡಿನ ರಾಜ್ಯೋತ್ಸವದ ಬ್ಯಾನರ್ ಒಮ್ಮೆ ನೋಡಿಬರಲಿ. ಅಲ್ಲಿ ಅಕ್ಷರ ಒಡೆದವರಿಗೆ ಕನ್ನಡ ಓದಲು ಬರುತ್ತದೆ.

ಯಾವ ಸಾಫ್ಟ್‌ವೇರಿನಲ್ಲೂ ಇಲ್ಲದ ಸೌಲಭ್ಯವೊಂದಿದೆ: ಬೀಗರ ಮುಖಗಳನ್ನು ಜಗಳವಾಗದಂತೆ ಜೋಡಿಸುವುದು. ಕೆಳಸಾಲಿನಲ್ಲಿ ನಲವತ್ತು ಮುಖ, ನಲವತ್ತೂ ಕಪ್ಪು ಕನ್ನಡಕ. ಯಾರ ಪಕ್ಕ ಯಾರು, ಯಾರದು ಒಂದು ಗೆರೆ ದೊಡ್ಡದು? ಅಲೈನ್ ಗುಂಡಿ ಒತ್ತಿದರೆ ತಲೆಗಳು ಸಾಲಾಗುತ್ತವೆ, ಸಂಬಂಧಗಳಲ್ಲ. ಎಲ್ಲರ ಮೇಲೆ, ಯಾರ ತಕರಾರೂ ಇಲ್ಲದೆ, ಮೀಸೆಯ ಪೆನ್ನಿಕುಯಿಕ್. ಮುಲ್ಲೈ ಪೆರಿಯಾರ್ ಅಣೆ ಕಟ್ಟಿ 1895ರಲ್ಲಿ ಈ ಕಣಿವೆಗೆ ನೀರು ತಿರುಗಿಸಿದ ಇಂಗ್ಲಿಷ್ ಎಂಜಿನಿಯರ್. ಜನವರಿ 15 ಅವನ ಹುಟ್ಟುಹಬ್ಬ, ಪೊಂಗಲಿನ ಜೊತೆಗೇ ನಡೆಯುತ್ತದೆ. 2017ರ ಅಕ್ಟೋಬರಿನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಬದುಕಿರುವವರ ಚಿತ್ರ ಬ್ಯಾನರಿನಲ್ಲಿ ಬೇಡ ಅಂದಿದ್ದರು. ಆ ಲೆಕ್ಕಕ್ಕೆ ಇಡೀ ಫ್ಲೆಕ್ಸಿನಲ್ಲಿ ಕಾನೂನುಬದ್ಧ ಮುಖ, 1911ರಲ್ಲೇ ತೀರಿಕೊಂಡ ಪೆನ್ನಿಕುಯಿಕ್‌ನದೊಂದೇ. ಮಗು ಕೂಡ ಅಕ್ರಮ.

ಹೊಸಬರಿಗೆ ನನ್ನ ತೀರ್ಪು ಕೇಳುವುದಾದರೆ, ಇಂಕ್‌ಸ್ಕೇಪ್. 2003ರಿಂದ ಇದೆ, ಕಾಸು ಕೊಡಬೇಕಿಲ್ಲ, ಬೀಗವೇ ಇಲ್ಲದ್ದನ್ನು ಒಡೆಯಬೇಕಿಲ್ಲ. ಯೂನಿಕೋಡ್ ಅಕ್ಷರಶೈಲಿ ಹಾಕಿದರೆ ಒತ್ತು ತನ್ನ ಜಾಗದಲ್ಲೇ ಕೂರುತ್ತದೆ. ಗೆರೆಗಳ ಲೆಕ್ಕದಲ್ಲಿ ಚಿತ್ರ ಬರೆಯುವುದರಿಂದ ಹತ್ತಡಿಯಾದರೂ ನೂರಡಿಯಾದರೂ ಅಕ್ಷರದ ಅಂಚು ಮುರಿಯದು. ಫೋಟೋ ತಿದ್ದಲು ಗಿಂಪ್ ಇದೆ, ಅದೂ ಉಚಿತ. ಅದರ ಮೆನುಗಳು ಒಂದು ವಾರ ತಲೆ ತಿನ್ನುತ್ತವೆ, ಸಹಿಸಿಕೊಳ್ಳಿ. ಬರೀ ಆಮಂತ್ರಣ ಸಾಕು, ಕಲಿಯುವ ಪುರಸೊತ್ತಿಲ್ಲ ಎನ್ನುವವರಿಗೆ ಕ್ಯಾನ್ವಾ. ನಿಮ್ಮ ಮನೆಯ ಮದುವೆಯೂ ಎದುರುಮನೆಯ ಮದುವೆಯೂ ಒಂದೇ ಥರ ಕಾಣುತ್ತದೆ ಎಂಬ ಬೇಸರ ಬೇಡ ಅಷ್ಟೇ. ಮೈಕ್ರೋಸಾಫ್ಟ್ 2017ರಲ್ಲಿ ಕೈಬಿಡಲು ಹೊರಟು, ಜನ ಬೊಬ್ಬೆ ಹಾಕಿದ್ದಕ್ಕೆ ಉಳಿಸಿದ ಪೇಂಟ್‌ಗೂ 2023ರಿಂದ ಪದರಗಳು ಬಂದಿವೆ. ತಾತನಿಗೆ ಅದನ್ನು ತೆರೆದುಕೊಡಿ.

ಅಂಗಡಿಗೆ ಒಯ್ಯುವ ಮುಂಚೆ ಒಂದು ಕೆಲಸ ಮಾಡಿ. ಇಂಕ್‌ಸ್ಕೇಪಿನಲ್ಲಿ ಅಕ್ಷರವನ್ನೆಲ್ಲ ಆಯ್ದು ಶಿಫ್ಟ್, ಕಂಟ್ರೋಲ್, ಸಿ ಒಟ್ಟಿಗೆ ಒತ್ತಿ. ಅಕ್ಷರಗಳು ಗೆರೆಗಳಾಗುತ್ತವೆ, ಅಂಗಡಿಯವನ ಯಂತ್ರದಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೂ ದೇವಿ ತುಂಡಾಗುವುದಿಲ್ಲ. ಆಮೇಲೆ ಪಿಡಿಎಫ್ ಮಾಡಿ ಕೊಡಿ.

2019ರ ಸೆಪ್ಟೆಂಬರಿನಲ್ಲಿ ಚೆನ್ನೈನಲ್ಲಿ ಮದುವೆಯ ಬ್ಯಾನರೊಂದು ಸ್ಕೂಟರಿನಲ್ಲಿ ಹೋಗುತ್ತಿದ್ದ ಯುವತಿಯ ಮೇಲೆ ಬಿತ್ತು, ಹಿಂದೆ ಬಂದ ಟ್ಯಾಂಕರಿಗೆ ಸಿಕ್ಕಿ ಆಕೆ ಸತ್ತಳು. ಆ ಬ್ಯಾನರನ್ನು ಯಾವ ಸಾಫ್ಟ್‌ವೇರಿನಲ್ಲಿ ಮಾಡಿದ್ದರೆಂದು ಯಾರೂ ಕೇಳಲಿಲ್ಲ. ನಿಮ್ಮದನ್ನು ನಾಲ್ಕಡಿಗೆ ಇಳಿಸಿ, ನಿಮ್ಮ ಕಾಂಪೌಂಡಿನ ಒಳಗೋಡೆಗೆ ಕಟ್ಟಿ, ಶಾಸ್ತ್ರ ಮುಗಿದ ಸಂಜೆಯೇ ಬಿಚ್ಚಿ ಒಳಗಿಡಿ.