ಎರಡೆರಡು ಕಾಪಿ

(2007ರ ಅಕ್ಟೋಬರ್. ಲಿನಕ್ಸ್ ಕರ್ನಲ್ ಕೆಲಸ ಸಾಗಿದೆ. ಹಿರಿಯಣ್ಣ ಕೀಲಿಮಣೆ ಕುಟ್ಟುತ್ತಿದ್ದಾನೆ. ಪಕ್ಕದಲ್ಲಿ ಹೊಸಬ ಪುಟ್ಟ.)

ಪುಟ್ಟ: ಕಾಪಿ ಆಯ್ತಾ ಅಣ್ಣಾ?

ಹಿರಿಯಣ್ಣ: ಎರಡೆರಡು ಸಲ ಆಯ್ತು. 32 ಬಿಟ್‌ಗೊಂದು, 64 ಬಿಟ್‌ಗೊಂದು.

ಪುಟ್ಟ: ಎರಡಕ್ಕೂ ವ್ಯತ್ಯಾಸ?

ಹಿರಿಯಣ್ಣ: ಭಾರಿ ವ್ಯತ್ಯಾಸ! ಇದು ‘ಐ386’ ಫೋಲ್ಡರಿನಲ್ಲಿದೆ, ಅದು ‘ಎಕ್ಸ್86_64’ರಲ್ಲಿದೆ.

ಪುಟ್ಟ: ಮೊನ್ನೆ ಬಗ್‌ಗೆ ತೇಪೆ ಹಾಕಿದ್ರಲ್ಲ, ಸತ್ತಿತಾ?

ಹಿರಿಯಣ್ಣ: ಈ ಫೋಲ್ಡರಿನಲ್ಲಿ ಸತ್ತಿತು. ಆ ಫೋಲ್ಡರಿನಲ್ಲಿ ದೇವರ ದಯೆಯಿಂದ ಚೆನ್ನಾಗಿದೆ.

ಪುಟ್ಟ: ಅಲ್ಲೂ ಕೊಂದುಬಿಡಬಹುದಿತ್ತಲ್ಲ?

ಹಿರಿಯಣ್ಣ: ಛೆ, ಇನ್ನೊಬ್ಬರ ಮನೆಯ ಬಗ್‌ಗೆ ಕೈ ಹಾಕೋದಾ?

ಪುಟ್ಟ: ಅವರ ಮೇಕ್‌ಫೈಲ್ ಮಾತ್ರ ನಮ್ಮ ಫೈಲುಗಳನ್ನೇ ಎತ್ಕೊಂಡು ಹೋಗಿ ಕಂಪೈಲ್ ಮಾಡುತ್ತಂತೆ?

ಹಿರಿಯಣ್ಣ: ಬೇರೆ ಮನೆ ಅಂದ್ಮೇಲೆ ಕೈಸಾಲ ಇದ್ದದ್ದೇ.

ಪುಟ್ಟ: ಒಂದೇ ಮನೇಲಿ ಇದ್ರೆ ಸಾಲವೇ ಬೇಡವಲ್ಲ?

ಹಿರಿಯಣ್ಣ: ಅದಕ್ಕೇ ಒಂದು ಮಾಡ್ತಿದೀವಿ! ಇನ್ಮೇಲೆ ಎಲ್ಲಾ ‘ಎಕ್ಸ್86’ ಅನ್ನೋ ಒಂದೇ ಫೋಲ್ಡರಿಗೆ.

ಪುಟ್ಟ: ಹಾಗಾದ್ರೆ ಫೈಲೂ ಒಂದೇ!

ಹಿರಿಯಣ್ಣ: ಅದು ಹೇಗಾಗುತ್ತೆ? ಒಂದರ ಬಾಲಕ್ಕೆ ‘_32’, ಇನ್ನೊಂದರ ಬಾಲಕ್ಕೆ ‘_64’.

ಪುಟ್ಟ: ಅಂದ್ರೆ ಕೋಡು ಕಮ್ಮಿ ಆಗಲಿಲ್ಲ, ಬಾಲ ಜಾಸ್ತಿ ಆಯ್ತು.

ಹಿರಿಯಣ್ಣ: ಕಣ್ಣೆದುರು ಅಕ್ಕಪಕ್ಕ ಕೂತರೆ ತಾನೇ ಒಂದೇ ಥರ ಇದೆ ಅಂತ ಗೊತ್ತಾಗೋದು?

ಪುಟ್ಟ: ಇಷ್ಟು ದಿನ ಗೊತ್ತಿರಲಿಲ್ವಾ?

ಹಿರಿಯಣ್ಣ: ಗೊತ್ತಿತ್ತು. ಇಬ್ಬರಿಗೂ ಗೊತ್ತಿತ್ತು. ಅದೂ ಎರಡು ಕಾಪಿ.

(2008ರ ಜನವರಿಯಲ್ಲಿ ಬಂದ 2.6.24 ಆವೃತ್ತಿಯಲ್ಲಿ ಫೋಲ್ಡರ್ ಒಂದಾಗಿತ್ತು. ಫೈಲುಗಳ ಬಾಲ ಕತ್ತರಿಸುವ ಕೆಲಸ ಆಮೇಲೂ ಎಷ್ಟೋ ಆವೃತ್ತಿಗಳವರೆಗೆ ನಡೆಯಿತು.)